ಹಿಸ್ಟಮಿನ್ ಒಗ್ಗದಿದ್ದಾಗ: ಸರಿಯಾಗಿ ಪತ್ತೆ ಮಾಡುವುದು, ಅದರ ಜೊತೆ ಬದುಕುವುದು

ಸೋಮವಾರ ರಾತ್ರಿ ತಾಜಾ ಮೀನು ಹುರಿದು ತಿಂದೆ. ಏನೂ ಆಗಲಿಲ್ಲ. ಉಳಿದ ತುಂಡುಗಳನ್ನು ಬುಧವಾರ ಬಿಸಿ ಮಾಡಿಕೊಂಡು ತಿಂದೆ. ಅರ್ಧ ಗಂಟೆಯೊಳಗೆ ಕಿವಿ ಸುಡತೊಡಗಿತು, ಮುಖ ಕೆಂಪಾಯಿತು, ಎದೆ ಢವಢವ ಅಂತು, ಆಮೇಲೆ ಹೊಟ್ಟೆ ಕೆಟ್ಟಿತು. ಅದೇ ಮೀನು, ಅದೇ ಎಣ್ಣೆ, ಅದೇ ನಾನು. ಮೀನಿನ ಅಲರ್ಜಿಯೇ ಆಗಿದ್ದರೆ ಸೋಮವಾರವೇ ಗೊತ್ತಾಗಬೇಕಿತ್ತು, ಅಲ್ವಾ?

ಈ ಎರಡು ದಿನದ ಸಾಲುಗಳು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇವೆ. ಅವನ್ನು ಬರೆದಿಡುವ ಮುಂಚೆ ಎರಡು ವರ್ಷ ತಪ್ಪು ದಾರಿಯಲ್ಲಿ ನಡೆದಿದ್ದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ 'ತಿನ್ನಬಾರದ' ಪಟ್ಟಿಗಳನ್ನೆಲ್ಲ ಒಟ್ಟು ಹಾಕಿ ಅರವತ್ತಕ್ಕೂ ಹೆಚ್ಚು ಪದಾರ್ಥ ಬಿಟ್ಟೆ. ತೂಕ ಇಳಿಯಿತು, ತೊಂದರೆ ಇಳಿಯಲಿಲ್ಲ. ಹಾಗಾಗಿ ಇಲ್ಲಿ ಪಟ್ಟಿ ತಡವಾಗಿ ಬರುತ್ತದೆ. ಮೊದಲು ನೋಟ್‌ಬುಕ್ಕು, ಆಮೇಲೆ ಡಾಕ್ಟರು, ಆಮೇಲೆ ಪಥ್ಯ. ಆ ಪಥ್ಯವನ್ನೂ ಬೇಗ ಮುಗಿಸುವುದಕ್ಕೆಂದೇ ಶುರು ಮಾಡುವುದು.

ಮೈಯೊಳಗೆ ನಡೆಯುವುದೇನು

ಹಿಸ್ಟಮಿನ್ ವಿಷವಲ್ಲ. ನಮ್ಮ ಮೈಯೇ ಅದನ್ನು ತಯಾರಿಸುತ್ತದೆ. ಹೊಟ್ಟೆಯಲ್ಲಿ ಆಮ್ಲ ಸುರಿಯಲು, ಮಿದುಳು ಎಚ್ಚರವಾಗಿರಲು, ಗಾಯವಾದಲ್ಲಿ ರಕ್ತನಾಳ ಹಿಗ್ಗಲು ಅದು ಬೇಕು. ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ 1910ರಲ್ಲಿ ಇದರ ಪರಿಣಾಮಗಳನ್ನು ಮೊದಲು ವಿವರವಾಗಿ ಬರೆದರು. ಇದು ಕೂತು ಕೆಲಸ ಮಾಡುವ ರಿಸೆಪ್ಟರ್‌ಗಳು ನಾಲ್ಕು ಬಗೆ, ಎಚ್1ರಿಂದ ಎಚ್4ರವರೆಗೆ. ಅವು ಚರ್ಮ, ಮೂಗು, ಹೊಟ್ಟೆ, ಮಿದುಳು ಹೀಗೆ ಬೇರೆ ಬೇರೆ ಕಡೆ ಇವೆ. ಒಬ್ಬರಿಗೆ ತುರಿಕೆ, ಇನ್ನೊಬ್ಬರಿಗೆ ತಲೆನೋವು, ಮತ್ತೊಬ್ಬರಿಗೆ ಭೇದಿ ಆಗುವುದು ಅದಕ್ಕೇ.

ಊಟದ ಜೊತೆಗೂ ಹಿಸ್ಟಮಿನ್ ಒಳಗೆ ಬರುತ್ತದೆ. ಆಹಾರದ ಪ್ರೋಟೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಕೆಲವು ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಹುದುಗಿದಷ್ಟೂ, ಮಾಗಿದಷ್ಟೂ, ತಂಗಳಾದಷ್ಟೂ ಅದು ಹೆಚ್ಚಬಹುದು. ಹೀಗೆ ಬಂದದ್ದನ್ನು ಕರುಳಿನ ಗೋಡೆಯಲ್ಲೇ ಒಡೆದು ಹಾಕುವ ಕಿಣ್ವ ಡಯಮೈನ್ ಆಕ್ಸಿಡೇಸ್, ಚುಟುಕಾಗಿ ಡಿಎಓ. ಜೀವಕೋಶದ ಒಳಗಿನ ಹಿಸ್ಟಮಿನ್ ನೋಡಿಕೊಳ್ಳಲು ಬೇರೆ ಕಿಣ್ವ ಇದೆ. ಹಿಸ್ಟಮಿನ್ ಒಡೆಯುವ ಡಿಎಓನಂಥ ಕಿಣ್ವ ಇದೆ ಎಂದು 1929ರಲ್ಲೇ ತೋರಿಸಿದ್ದು ಚಾರ್ಲ್ಸ್ ಬೆಸ್ಟ್, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರು.

ಬಚ್ಚಲು ನೆನಪಿಸಿಕೊಳ್ಳಿ. ನೀರು ಹೋಗುವ ತೂತು ತೆರೆದಿದ್ದರೆ ಎಷ್ಟು ಸುರಿದರೂ ನಿಲ್ಲುವುದಿಲ್ಲ. ತೂತಿಗೆ ಕಸ ಕಟ್ಟಿದರೆ ಎರಡು ಚೊಂಬಿಗೇ ಕಾಲು ಮುಳುಗುತ್ತದೆ. ಡಿಎಓ ಆ ತೂತು. ಹುಟ್ಟಿನಿಂದಲೇ ಅದು ಕಿರಿದಾಗಿರಬಹುದು, ಅಂದರೆ ಎಓಸಿ1 ಎಂಬ ಜೀನಿನ ವ್ಯತ್ಯಾಸದಿಂದ. ಸೀಲಿಯಾಕ್ (ಗೋಧಿಯ ಗ್ಲೂಟನ್‌ನಿಂದ ಕರುಳು ಕೆಡುವುದು), ಕ್ರೋನ್ಸ್ (ಕರುಳಿನ ಉರಿಯೂತ) ಮುಂತಾದ ಕಾಯಿಲೆಗಳಲ್ಲಿ ಕರುಳಿನ ಒಳಪದರವೇ ಹಾಳಾಗಿ ಡಿಎಓ ಕಮ್ಮಿಯಾಗಿರಬಹುದು. ಮದ್ಯ ಮತ್ತು ಕೆಲವು ಔಷಧಿಗಳೂ ಅದಕ್ಕೆ ಅಡ್ಡ ಬರುತ್ತವೆ.

ಈ ಉದಾಹರಣೆಯಲ್ಲಿ ಇನ್ನೊಂದು ಮಾತೂ ಅಡಗಿದೆ. ಜಾಸ್ತಿ ಸುರಿದರೆ ಯಾರ ಬಚ್ಚಲೂ ತುಂಬುತ್ತದೆ. 75 ಮಿಲಿಗ್ರಾಂ ಶುದ್ಧ ಹಿಸ್ಟಮಿನ್ ಕುಡಿಸಿ ನೋಡಿದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹೆಂಗಸರಲ್ಲೇ ಅರ್ಧ ಮಂದಿಗೆ ತೊಂದರೆ ಕಾಣಿಸಿತು. ಸರಿಯಾಗಿ ತಂಪಿನಲ್ಲಿಡದ ಟ್ಯೂನಾ, ಬಂಗುಡೆ, ಬೂತಾಯಿ ತಿಂದು ಒಂದೇ ಮೇಜಿನಲ್ಲಿ ಕೂತ ಎಲ್ಲರ ಮುಖವೂ ಕೆಂಪಾದರೆ ಅದು ಹಿಸ್ಟಮಿನ್ ವಿಷಬಾಧೆ. ಅಲ್ಲಿ ತಪ್ಪು ಮೀನಿನದು, ತಿಂದವರ ಮೈಯದ್ದಲ್ಲ. ಅದಕ್ಕೇ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಂಥ ಮೀನಿಗೆ ಕಿಲೋಗೆ 200 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಬೇರೆಯವರಿಗೆ ಏನೂ ಮಾಡದ ಪ್ರಮಾಣ ನಿಮಗೆ ಮತ್ತೆ ಮತ್ತೆ ತೊಂದರೆ ಕೊಟ್ಟಾಗ ಮಾತ್ರ 'ಹಿಸ್ಟಮಿನ್ ಇನ್‌ಟಾಲರೆನ್ಸ್' ಎಂಬ ಮಾತು ಬರುತ್ತದೆ.

ಮೊದಲ ಹೆಜ್ಜೆ: ಇದು ತುರ್ತಾ, ನೋಡಿ

ಗಂಟಲು ಕಟ್ಟಿದ ಹಾಗಾಗುವುದು, ನಾಲಿಗೆ ಊದುವುದು, ಉಸಿರು ಸಿಗದಿರುವುದು, ತಲೆ ತಿರುಗಿ ಬೀಳುವುದು. ಇವುಗಳಲ್ಲಿ ಯಾವುದಾದರೂ ಆದರೆ ನೋಟ್‌ಬುಕ್ಕು ಬದಿಗಿಡಿ. ನೇರ ತುರ್ತು ಚಿಕಿತ್ಸೆಗೆ ಹೋಗಿ. ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ ಆಗಿರಬಹುದು, ಅದಕ್ಕೆ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್. ತುರಿಕೆ ಮಾತ್ರೆ ನುಂಗಿ ಕಾಯುತ್ತಾ ಕೂರುವ ಹೊತ್ತಲ್ಲ ಅದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ವಯಸ್ಸು ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ ಇದ್ದರೂ ಮೊದಲು ಡಾಕ್ಟರನ್ನು ನೋಡಿ. ಇಂಥವಕ್ಕೆ ಸುಮ್ನೆ ಹಿಸ್ಟಮಿನ್ ಎಂದು ಹೆಸರಿಟ್ಟುಕೊಂಡರೆ ದೊಡ್ಡದೇನೋ ತಪ್ಪಿಹೋಗುತ್ತದೆ.

ಎರಡನೇ ಹೆಜ್ಜೆ: ನೋಟ್‌ಬುಕ್ಕು

ಮೂರು ವಾರ ಬರೆಯಿರಿ. ಊಟ ಬದಲಿಸಬೇಡಿ, ಸುಮ್ನೆ ಬರೆಯಿರಿ. ಎಲ್ಲರೂ 'ಏನು ತಿಂದೆ' ಎಂದು ಬರೆಯುತ್ತಾರೆ, ಅಷ್ಟು ಸಾಲದು. ಹಿಸ್ಟಮಿನ್ ವಿಷಯದಲ್ಲಿ ಪದಾರ್ಥದ ಹೆಸರಿಗಿಂತ ಅದರ ವಯಸ್ಸು ಮುಖ್ಯ. ಯಾವಾಗ ತಂದದ್ದು, ಯಾವಾಗ ಬೇಯಿಸಿದ್ದು, ಎಷ್ಟು ಹೊತ್ತು ಹೊರಗಿತ್ತು, ಎಷ್ಟನೇ ದಿನಕ್ಕೆ ತಿಂದದ್ದು, ಇದನ್ನೆಲ್ಲ ಬರೆಯಿರಿ. ನನ್ನ ಪುಟದಲ್ಲಿ 'ಮೀನು' ಎಂದಷ್ಟೇ ಇದ್ದಿದ್ದರೆ ಸೋಮವಾರಕ್ಕೂ ಬುಧವಾರಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ತೊಂದರೆಯನ್ನೂ ಗಂಟೆ ನಿಮಿಷ ಹಾಕಿ ಬರೆಯಿರಿ. ತಿಂದು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಹತ್ತಕ್ಕೆ ಎಷ್ಟು ಜೋರಿತ್ತು. ಸಾಮಾನ್ಯವಾಗಿ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಕಾಣಿಸುತ್ತದೆ. ಮೂರು ದಿನದ ಹಿಂದೆ ತಿಂದದ್ದಕ್ಕೆ ಇವತ್ತಿನ ತಲೆನೋವನ್ನು ಗಂಟು ಹಾಕಬೇಡಿ. ಮುಖ ಕೆಂಪಾದರೆ ಒಂದು ಫೋಟೋ ತೆಗೆದಿಡಿ. ಡಾಕ್ಟರ ಮುಂದೆ ಕೂತ ದಿನ ಮೈಮೇಲೆ ಒಂದು ದದ್ದೂ ಇರುವುದಿಲ್ಲ, ಇದು ಎಲ್ಲರ ಅನುಭವ.

ಇದರ ಜೊತೆ ನಿದ್ದೆ, ಮದ್ಯ, ವ್ಯಾಯಾಮ, ಬಿಸಿಲು, ಮನಸ್ಸಿನ ಒತ್ತಡ, ನುಂಗಿದ ಪ್ರತಿ ಮಾತ್ರೆ. ಹೆಂಗಸರಾದರೆ ಮುಟ್ಟಿನ ದಿನಗಳು. ಹಲವರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಜಾಸ್ತಿಯಾಗುತ್ತದೆ. ಬಸುರಿನಲ್ಲಿ ಕೆಲವರಿಗೆ ಪೂರ್ತಿ ಕಮ್ಮಿಯಾಗಿಬಿಡುತ್ತದೆ, ಏಕೆಂದರೆ ಆಗ ಮಾಸು ತಾನೇ ಡಿಎಓ ತಯಾರಿಸಿ ರಕ್ತಕ್ಕೆ ಹರಿಸುತ್ತದೆ.

ಮಾತ್ರೆಗಳ ಸಾಲಿಗೆ ವಿಶೇಷ ಗಮನ ಕೊಡಿ. ಆಂಟಿಬಯೋಟಿಕ್ ಜೊತೆ ಬರುವ ಕ್ಲಾವುಲಾನಿಕ್ ಆಮ್ಲ, ಕ್ಲೋರೋಕ್ವಿನ್, ವೆರಪಮಿಲ್, ಐಸೋನಯಾಜಿಡ್, ಮೆಟೊಕ್ಲೊಪ್ರಮೈಡ್, ಅಸಿಟೈಲ್‌ಸಿಸ್ಟೀನ್ ಇವು ಡಿಎಓಗೆ ಅಡ್ಡ ಬರಬಹುದಾದವು. ಕೊಡೀನ್, ಮಾರ್ಫಿನ್, ಕೆಲವರಿಗೆ ನೋವಿನ ಮಾತ್ರೆಗಳು ಮೈಯೊಳಗಿನ ಹಿಸ್ಟಮಿನ್ನನ್ನೇ ಹೊರಗೆ ಬಿಡಿಸುತ್ತವೆ. ಈ ಪಟ್ಟಿಯಲ್ಲಿ ಹಲವು ಪ್ರಯೋಗಾಲಯದ ಪರೀಕ್ಷೆಯಿಂದ ಬಂದವು, ಎಲ್ಲರ ಮೈಯಲ್ಲೂ ಹಾಗೇ ಆಗಬೇಕೆಂದಿಲ್ಲ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಪಟ್ಟಿ ಡಾಕ್ಟರಿಗೆ ತೋರಿಸಿ, ಬದಲಿ ಇದೆಯಾ ಕೇಳಿ.

ಮೂರನೇ ಹೆಜ್ಜೆ: ಬೇರೆ ಏನೂ ಅಲ್ಲ ಎಂದು ಖಚಿತ ಮಾಡಿಕೊಳ್ಳುವುದು

ಎಲ್ಲರೂ ಹಾರಿಸುವ ಹೆಜ್ಜೆ ಇದೇ. ನಾನೂ ಹಾರಿಸಿದ್ದೆ. ಹಿಸ್ಟಮಿನ್ ಇನ್‌ಟಾಲರೆನ್ಸ್ ಹೌದು ಎಂದು ಹೇಳುವ ಒಂದೇ ಒಂದು ನಂಬಬಹುದಾದ ಪರೀಕ್ಷೆ ಇಲ್ಲ. ಉಳಿದದ್ದೆಲ್ಲ ಅಲ್ಲ ಎಂದಾದ ಮೇಲೆ ಉಳಿಯುವ ಹೆಸರು ಅದು. ಜರ್ಮನಿಯ ಅಲರ್ಜಿ ತಜ್ಞರ ಮಾರ್ಗಸೂಚಿಯಂತೂ ಈ ಹೆಸರಿನ ಬಗ್ಗೆಯೇ ಹುಷಾರಾಗಿದೆ. 'ತಿಂದ ಹಿಸ್ಟಮಿನ್ನಿನಿಂದ ಆಗುವ ತೊಂದರೆ' ಎಂದು ಸುತ್ತಿ ಹೇಳುತ್ತದೆ. ನನಗೆ ಆ ಹುಷಾರುತನ ಸರಿ ಅನ್ನಿಸುತ್ತದೆ.

ಮೊದಲು ಅಲರ್ಜಿ. ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಅಥವಾ ರಕ್ತದಲ್ಲಿ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಪರೀಕ್ಷೆ. ಪ್ರಿಕ್ ಟೆಸ್ಟಿಗೆ ಹೋಗುವ ಮುಂಚೆ ಆಂಟಿಹಿಸ್ಟಮಿನ್ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ವಾರದ ಲೆಕ್ಕ. ಆ ಟೆಸ್ಟಿನಲ್ಲಿ ಒಂದು ಹನಿ ಹಿಸ್ಟಮಿನ್ನನ್ನೂ ಹಾಕುತ್ತಾರೆ, ಅದು ಎಲ್ಲರಿಗೂ ಉಬ್ಬಲೇಬೇಕು. ಟೆಸ್ಟು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುವುದೇ ಅದರಿಂದ. 'ಹಿಸ್ಟಮಿನ್ ಪಾಸಿಟಿವ್' ಎಂಬ ಸಾಲು ರಿಪೋರ್ಟಿನಲ್ಲಿ ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಅದಕ್ಕೆ ಏನೂ ಅರ್ಥವಿಲ್ಲ.

ಹೊಟ್ಟೆಯ ತೊಂದರೆ ಜಾಸ್ತಿಯಿದ್ದರೆ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿ. ಅದಾಗುವವರೆಗೂ ಗೋಧಿ ಬಿಡಬೇಡಿ, ಬಿಟ್ಟರೆ ಇರುವ ಕಾಯಿಲೆಯೂ ಕಾಣುವುದಿಲ್ಲ. ಹಾಲಿನ ಲ್ಯಾಕ್ಟೋಸ್ ಒಗ್ಗದಿರುವುದನ್ನು ಉಸಿರಿನ ಹೈಡ್ರೋಜನ್ ಪರೀಕ್ಷೆಯಿಂದ ಹಿಡಿಯುತ್ತಾರೆ. ಜಠರದ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸೋಂಕು, ಕರುಳಿನ ಉರಿಯೂತ, ಕರುಳು ಸುಮ್ನೆ ಕೆರಳುವ ಐಬಿಎಸ್ ಇವೆಲ್ಲ ಇದೇ ವೇಷ ಹಾಕಿಕೊಂಡು ಬರುತ್ತವೆ. ಆರು ವಾರಕ್ಕಿಂತ ಹೆಚ್ಚು ದಿನ ಬಂದು ಹೋಗುವ ಗಂಧೆಗೆ ಬಹುಪಾಲು ಊಟ ಕಾರಣವೇ ಅಲ್ಲ, ಅದು ಬೇರೆಯದೇ ಕಾಯಿಲೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಮುಖ ಕೆಂಪಾಗುವುದಕ್ಕೆ ರೊಸೇಷಿಯಾ ಎಂಬ ಚರ್ಮದ ಕಾಯಿಲೆ ಇರಬಹುದು, ಮುಟ್ಟು ನಿಲ್ಲುವ ಕಾಲದ ಬಿಸಿ ಏರುವಿಕೆ ಇರಬಹುದು, ಥೈರಾಯ್ಡ್ ಇರಬಹುದು.

ಪದೇ ಪದೇ ಮೈ ಕೆಂಪಾಗಿ ರಕ್ತದೊತ್ತಡ ಬೀಳುತ್ತಿದ್ದರೆ ಟ್ರಿಪ್ಟೇಸ್ ಪರೀಕ್ಷೆ ಕೇಳಿ. ಹಿಸ್ಟಮಿನ್ ತುಂಬಿಕೊಂಡಿರುವ ಮಾಸ್ಟ್ ಕೋಶಗಳು ಬಿಡುವ ವಸ್ತು ಅದು. ಆರಾಮಾಗಿರುವ ದಿನವೂ ಒಂದು ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಮಾಸ್ಟೊಸೈಟೋಸಿಸ್ (ಮಾಸ್ಟ್ ಕೋಶಗಳು ಅತಿಯಾಗಿ ಹೆಚ್ಚುವ ಕಾಯಿಲೆ) ಇದೆಯಾ ಎಂದು ಹುಡುಕುತ್ತಾರೆ. ತೊಂದರೆಯಾದ ನಾಲ್ಕು ಗಂಟೆಯೊಳಗೆ ಒಂದು ಸಲ, ಪೂರ್ತಿ ಸರಿಹೋದ ಮೇಲೆ ಇನ್ನೊಂದು ಸಲ ರಕ್ತ ಕೊಟ್ಟರೆ ಹೋಲಿಸಿ ನೋಡಬಹುದು. ಬೆವರಿಲ್ಲದೆ ಕೆಂಪಾಗುವುದು ಮತ್ತು ಭೇದಿ ಒಟ್ಟಿಗೆ ಬಂದರೆ 24 ಗಂಟೆಯ ಮೂತ್ರ ಪರೀಕ್ಷೆಯಿಂದ ಕಾರ್ಸಿನಾಯ್ಡ್ ಎಂಬ ಅಪರೂಪದ ಗೆಡ್ಡೆ ಅಲ್ಲ ಎಂದು ನೋಡಿಕೊಳ್ಳುತ್ತಾರೆ. ಇವೆಲ್ಲ ಎಲ್ಲರಿಗೂ ಬೇಡ. ನೋಟ್‌ಬುಕ್ಕು ನೋಡಿ ಯಾವುದು ಬೇಕೆಂದು ಡಾಕ್ಟರು ಆರಿಸುತ್ತಾರೆ.

ಇನ್ನು ರಕ್ತದಲ್ಲಿ ಡಿಎಓ ಅಳೆಯುವ ಪರೀಕ್ಷೆ. ಕೇಳಿದರೆ ಇದೇ ಸರಿಯಾದ ಟೆಸ್ಟು ಅನ್ನಿಸುತ್ತದೆ. ಆದರೆ ಕೆಲಸ ನಡೆಯುವುದು ಕರುಳಿನಲ್ಲಿ, ಅಳೆಯುವುದು ರಕ್ತದಲ್ಲಿ. ತೊಂದರೆ ಇರುವವರ ಅಂಕಿಯೂ ಇಲ್ಲದವರ ಅಂಕಿಯೂ ಒಂದರ ಮೇಲೊಂದು ಬೀಳುತ್ತವೆ. ಕಮ್ಮಿ ಬಂದರೆ ಒಂದು ಸುಳಿವು ಅಷ್ಟೇ, ತೀರ್ಪಲ್ಲ. ಮಲದಲ್ಲಿ ಹಿಸ್ಟಮಿನ್ ಅಳೆಯುವುದರಿಂದಲೂ ಪ್ರಯೋಜನವಿಲ್ಲ. ನೂರಾರು ಆಹಾರಗಳಿಗೆ ಒಟ್ಟಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ನೋಡುತ್ತೇವೆ ಎನ್ನುವ ಪ್ಯಾಕೇಜುಗಳಿಗಂತೂ ದುಡ್ಡು ಹಾಕಲೇಬೇಡಿ. ಐಜಿಜಿ ಇದ್ದರೆ ನೀವು ಅದನ್ನು ತಿಂದಿದ್ದೀರಿ ಎಂದರ್ಥ, ಅದು ಒಗ್ಗುವುದಿಲ್ಲ ಎಂದಲ್ಲ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ನಾನು ಅಂಥದ್ದೊಂದು ಮಾಡಿಸಿಕೊಂಡಿದ್ದೆ. ನಾನು ದಿನಾ ತಿನ್ನುತ್ತಿದ್ದ ಅಷ್ಟೂ ಪದಾರ್ಥ ಕೆಂಪು ಬಣ್ಣದಲ್ಲಿ ಬಂದಿತ್ತು!

ನಾಲ್ಕನೇ ಹೆಜ್ಜೆ: ಎರಡು ವಾರದ ಪಥ್ಯ

ಉಳಿದದ್ದೆಲ್ಲ ಅಲ್ಲ ಎಂದಾಯಿತು, ನೋಟ್‌ಬುಕ್ಕು ಹಿಸ್ಟಮಿನ್ ಕಡೆ ಬೆರಳು ತೋರಿಸುತ್ತಿದೆ. ಈಗ ಪಥ್ಯ. 10ರಿಂದ 14 ದಿನ, ಅದಕ್ಕಿಂತ ಹೆಚ್ಚಿಲ್ಲ. ಮಕ್ಕಳು, ಬಸುರಿಯರು, ತೂಕ ಕಮ್ಮಿ ಇರುವವರು, ಊಟದ ಬಗ್ಗೆ ಮೊದಲೇ ಭಯ ಇರುವವರು ಡಯಟೀಷಿಯನ್ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಬಿಡಬೇಕಾದದ್ದು ಮುಖ್ಯವಾಗಿ ಇಷ್ಟು. ತಿಂಗಳುಗಟ್ಟಲೆ ಮಾಗಿಸಿದ ಚೀಸ್. ಒಣಗಿಸಿದ, ಹೊಗೆ ಹಾಕಿದ, ಡಬ್ಬಿಯ ಮೀನು ಮತ್ತು ಮಾಂಸ. ಹುದುಗಿಸಿದ ತರಕಾರಿ, ಸೋಯಾ ಸಾಸ್, ಮೀನಿನ ಸಾಸ್, ವಿನೆಗರ್, ಈಸ್ಟ್ ಸಾರ. ಮದ್ಯ, ಅದರಲ್ಲೂ ಕೆಂಪು ವೈನ್. ತರಕಾರಿಗಳಲ್ಲಿ ಟೊಮೆಟೊ, ಬದನೆ, ಪಾಲಕ್. ಮದ್ಯದ್ದು ಬೇರೆಯದೇ ಕತೆ. ತಾನೂ ಹಿಸ್ಟಮಿನ್ ತರುತ್ತದೆ, ಡಿಎಓಗೂ ಅಡ್ಡ ಬರುತ್ತದೆ. ಒಂದು ಲೋಟ ವೈನಿನ ಜೊತೆ ಮಾಗಿದ ಚೀಸ್ ತಿಂದವರಿಗೆ ರಾತ್ರಿ ಯಾಕೆ ನಿದ್ದೆ ಬರಲಿಲ್ಲ ಎಂದು ಕೇಳಬೇಕಿಲ್ಲ.

ಕಿತ್ತಳೆ, ನಿಂಬೆ, ಸ್ಟ್ರಾಬೆರಿ, ಚಾಕಲೇಟು ಮೈಯೊಳಗಿನ ಹಿಸ್ಟಮಿನ್ ಬಿಡಿಸುತ್ತವೆ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಅದಕ್ಕೆ ಆಧಾರ ತೀರಾ ತೆಳು. ನಿಮ್ಮ ನೋಟ್‌ಬುಕ್ಕು ಹೇಳಿದರೆ ಮಾತ್ರ ಬಿಡಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ಬೇಡ ಎಂದದ್ದು ಇನ್ನೊಂದರಲ್ಲಿ ಧಾರಾಳವಾಗಿ ತಿನ್ನಿ ಎಂದಿರುತ್ತದೆ. ಕಾರಣವೂ ಇದೆ. ಒಂದೇ ಹೆಸರಿನ ಚೀಸಿನ ಎರಡು ತುಂಡುಗಳಲ್ಲಿ ಒಂದರಲ್ಲಿ ಹಿಸ್ಟಮಿನ್ ಸಿಗದೇ ಇರಬಹುದು, ಇನ್ನೊಂದರಲ್ಲಿ ಕಿಲೋಗೆ ನೂರಾರು ಮಿಲಿಗ್ರಾಂ ಇರಬಹುದು. ಇದಕ್ಕೆ ಪಕ್ಕಾ ಪಟ್ಟಿ ಯಾರು ಮಾಡಲು ಸಾಧ್ಯ?

ತಿನ್ನಲು ಬೇಕಾದಷ್ಟಿದೆ. ಆಗಷ್ಟೇ ಬೇಯಿಸಿದ ಅಕ್ಕಿ, ಜೋಳ, ಓಟ್ಸ್, ಆಲೂಗೆಡ್ಡೆ. ಹಾಲು, ಬೆಣ್ಣೆ, ತಾಜಾ ಚೀಸ್. ಮೊಟ್ಟೆ. ತಾಜಾ ಮಾಂಸ. ಕ್ಯಾರೆಟ್, ಸೌತೆ, ಕುಂಬಳ, ಎಲೆಕೋಸು. ಸೇಬು, ಕಲ್ಲಂಗಡಿ. ಹೊಟ್ಟೆ ತುಂಬಾ ತಿನ್ನಿ. ಹಸಿದುಕೊಂಡು ಮಾಡಿದ ಪಥ್ಯದಿಂದ ತಲೆನೋವು ಬಂದರೆ ಅದು ಯಾವುದರದ್ದು ಎಂದು ಗೊತ್ತಾಗುವುದೇ ಇಲ್ಲ.

ಎರಡು ವಾರಕ್ಕೆ ಏನೂ ಬದಲಾಗದಿದ್ದರೆ ಪಥ್ಯ ನಿಲ್ಲಿಸಿ. ಇನ್ನೂ ಬಿಗಿ ಮಾಡಬೇಡಿ. ಮೊದಲಿನ ಊಟಕ್ಕೆ ಮರಳಿ, ಡಾಕ್ಟರ ಹತ್ತಿರ ಬೇರೆ ದಾರಿ ಹುಡುಕಿ. ಹಾಗಾದರೆ ಅದು ಹಿಸ್ಟಮಿನ್ ಅಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಗೊತ್ತು.

ಐದನೇ ಹೆಜ್ಜೆ: ಒಂದೊಂದಾಗಿ ವಾಪಸು ತರುವುದು

ಕಮ್ಮಿಯಾಯಿತು ಅಂದುಕೊಳ್ಳಿ. ಹಬ್ಬ ಮಾಡಬೇಡಿ, ಪಥ್ಯದಿಂದ ಆರಾಮಾದದ್ದಕ್ಕೆ ಸಾಕ್ಷಿ ಸಿಗುವುದು ಬಿಟ್ಟದ್ದನ್ನು ಮತ್ತೆ ತಿಂದಾಗ. ಇದಕ್ಕೆ ಆರು ವಾರದವರೆಗೆ ಇಟ್ಟುಕೊಳ್ಳಿ. ಮೂರು ದಿನಕ್ಕೆ ಒಂದು ಪದಾರ್ಥ. ಮೊದಲ ದಿನ ಎರಡು ಚಮಚ, ಎರಡನೇ ದಿನ ಅರ್ಧ ಬಟ್ಟಲು, ಮೂರನೇ ದಿನ ಮಾಮೂಲಿನಷ್ಟು. ಏನೂ ಆಗದಿದ್ದರೆ ಅದು ತಟ್ಟೆಗೆ ವಾಪಸು. ತೊಂದರೆಯಾದರೆ ಪೂರ್ತಿ ಆರಾಮಾಗುವವರೆಗೆ ಕಾದು, ಇನ್ನೊಂದು ವಾರ ಬಿಟ್ಟು ಮತ್ತೆ ನೋಡಿ. ಎರಡೂ ಸಲ ಆದರೆ ಮಾತ್ರ ಗುರುತು ಹಾಕಿಕೊಳ್ಳಿ. ಮೊದಲ ಹೆಜ್ಜೆಯಲ್ಲಿ ಹೇಳಿದಂಥ ಜೋರಾದ ತೊಂದರೆ ಯಾವತ್ತಾದರೂ ಆಗಿದ್ದರೆ ಈ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ.

ಭಯವೂ ಮುಖ ಕೆಂಪಾಗಿಸುತ್ತದೆ, ಇದನ್ನು ಮರೆಯಬೇಡಿ. ಹಿಸ್ಟಮಿನ್ ಇದೆಯೋ ಇಲ್ಲವೋ ತಿಳಿಸದೆ ಕುಡಿಸಿ ನೋಡಿದ ಪ್ರಯೋಗಗಳಲ್ಲಿ ಬರೀ ಖಾಲಿ ದ್ರವ ಕುಡಿದವರಿಗೂ ತೊಂದರೆ ಕಾಣಿಸಿದ್ದುಂಟು. ಅವರು ಸುಳ್ಳು ಹೇಳಲಿಲ್ಲ, ಎದೆ ನಿಜವಾಗಿಯೇ ಹೊಡೆದುಕೊಂಡಿತ್ತು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಪಲ್ಯಕ್ಕೆ ಪಾಲಕ್ ಹಾಕುವುದೋ ಬೇರೆ ಸೊಪ್ಪೋ ಎಂದು ಮನೆಯವರೇ ನಿರ್ಧರಿಸಿ, ನುಣ್ಣಗೆ ರುಬ್ಬಿ, ನನಗೆ ಹೇಳದೆ ಬಡಿಸುತ್ತಿದ್ದರು. ನಾಲ್ಕು ಸಲದಲ್ಲಿ ನಾನು 'ಇದು ಪಾಲಕ್ಕೇ, ತಲೆ ಭಾರ ಆಯ್ತು' ಎಂದದ್ದು ಎರಡು ಸಲ. ಎರಡೂ ಸಲ ಅದು ಪಾಲಕ್ ಆಗಿರಲಿಲ್ಲ. ಅವತ್ತಿನಿಂದ ಪಾಲಕ್ ತಿನ್ನುತ್ತಿದ್ದೇನೆ.

ಅಡುಗೆಮನೆಯಲ್ಲಿ

ಒಂದು ಸಲ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ತಂಪು ಮಾಡುವುದರಿಂದ ಹೊಸದಾಗಿ ಹುಟ್ಟುವುದು ನಿಧಾನವಾಗುತ್ತದೆ ಅಷ್ಟೇ. ಹಾಗಾಗಿ ಎಲ್ಲ ಕೆಲಸವೂ ಹುಟ್ಟುವ ಮುಂಚೆಯೇ ಆಗಬೇಕು. ಮೀನನ್ನು ಮಂಜುಗಡ್ಡೆಯ ಜೊತೆ ತಂದು ಅವತ್ತೇ ಬೇಯಿಸಿ. ಹಿಡಿದ ಕೂಡಲೇ ಫ್ರೀಜ್ ಮಾಡಿದ ಮೀನು, 'ತಾಜಾ' ಎಂದು ಎರಡು ದಿನ ಹರಡಿಟ್ಟ ಮೀನಿಗಿಂತ ಎಷ್ಟೋ ವಾಸಿ. ವಾಸನೆ ನೋಡಿ ನಂಬಬೇಡಿ, ಹಿಸ್ಟಮಿನ್ನಿಗೆ ವಾಸನೆಯೇ ಇಲ್ಲ.

ಮಾಡಿದ ಅಡುಗೆ ಮಿಕ್ಕುತ್ತದೆ ಅನ್ನಿಸಿದರೆ ಊಟಕ್ಕೆ ಕೂರುವ ಮುಂಚೆಯೇ ಎತ್ತಿಡಿ. ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಾಕಿ, ಆರಿಸಿ, ನೇರ ಫ್ರೀಜರಿಗೆ. ಕರಗಿಸುವುದೂ ಫ್ರಿಜ್ಜಿನೊಳಗೇ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ನನ್ನ ಮಟ್ಟಿಗೆ ಪಟ್ಟಿಗಳೆಲ್ಲ ಸೇರಿ ಮಾಡದ ಉಪಕಾರವನ್ನು ಈ ಒಂದು ಅಭ್ಯಾಸ ಮಾಡಿತು. ಮೀನು, ಮಾಂಸದ ತಂಗಳು ಬಿಟ್ಟೆ, ಮುಕ್ಕಾಲು ಪಾಲು ತೊಂದರೆ ಹೋಯಿತು.

ಮಾತ್ರೆಗಳು

ಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಇವು ಎಚ್1 ತಡೆಯುವವು. ತುರಿಕೆ, ಮೂಗು ಸೋರುವುದು, ಮುಖ ಕೆಂಪಾಗುವುದಕ್ಕೆ ಒಳ್ಳೆಯವು. ಫೆಮೊಟಿಡಿನ್ ಎಚ್2 ತಡೆಯುತ್ತದೆ, ಹೊಟ್ಟೆಯ ಆಮ್ಲ ಕಮ್ಮಿ ಮಾಡುತ್ತದೆ. ಇವು ಯಾವುವೂ ಹಿಸ್ಟಮಿನ್ನನ್ನು ತೆಗೆದು ಹಾಕುವುದಿಲ್ಲ, ಅದು ಕೂರುವ ಜಾಗವನ್ನು ಮೊದಲೇ ಹಿಡಿದಿಡುತ್ತವೆ. ಮಾತ್ರೆಯಿಂದ ಕಮ್ಮಿಯಾಯಿತು ಎಂದ ಮಾತ್ರಕ್ಕೆ ಊಟದ ಹಿಸ್ಟಮಿನ್ನೇ ಕಾರಣ ಎಂದೂ ಆಗುವುದಿಲ್ಲ.

ಡಿಎಓ ಕ್ಯಾಪ್ಸೂಲುಗಳೂ ಸಿಗುತ್ತವೆ. ಊಟಕ್ಕೆ ಸ್ವಲ್ಪ ಮುಂಚೆ ನುಂಗಬೇಕು, ಕೆಲಸ ಮಾಡುವುದು ಕರುಳಿನಲ್ಲಿ ಮಾತ್ರ. ನಡೆದಿರುವ ಅಧ್ಯಯನಗಳು ಚಿಕ್ಕವು. ಕೆಲವರಿಗೆ ಉಪಯೋಗವಾಗಿದೆ, ದಿನಾ ನುಂಗುವಷ್ಟು ಆಧಾರ ಇಲ್ಲ. ಹೊರಗೆ ಊಟವಿರುವ ದಿನಕ್ಕೆ ಇಟ್ಟುಕೊಳ್ಳಬಹುದು. ಬಹುಪಾಲು ಹಂದಿಯ ಮೂತ್ರಪಿಂಡದಿಂದ ತೆಗೆದದ್ದು, ಅದು ಬೇಡದವರು ಲೇಬಲ್ ಓದಿ. ವಿಟಮಿನ್ ಬಿ6, ಸಿ, ತಾಮ್ರ ನುಂಗಿದರೆ ಡಿಎಓ ಏರುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಬಿ6 ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ನರಗಳೇ ಹಾಳಾಗುತ್ತವೆ. ಕೊರತೆ ಇದೆ ಎಂದು ಡಾಕ್ಟರು ಹೇಳದೆ ಬೇಡ.

ಆಮೇಲಿನ ದಿನಗಳು

ಹೊರಗಿನ ಊಟಕ್ಕೆ ನನ್ನದು ಒಂದೇ ಪ್ರಶ್ನೆ: 'ಇವತ್ತು ಮಾಡಿದ್ದಾ?' ಹಿಸ್ಟಮಿನ್ ಪಾಠ ಯಾರಿಗೂ ಮಾಡುವುದಿಲ್ಲ. ಒಂದೇ ದಿನ ಎರಡು ಮೂರು ಸೇರದಂತೆ ನೋಡಿಕೊಳ್ಳುತ್ತೇನೆ. ಟೊಮೆಟೊ ಸಾಸ್ ಇದ್ದರೆ ಚೀಸ್ ಬೇಡ, ನಿದ್ದೆಗೆಟ್ಟ ದಿನ ಎರಡೂ ಬೇಡ. ಆಪರೇಷನ್, ಹಲ್ಲಿನ ಕೆಲಸ, ಬಣ್ಣದ ದ್ರವ ಚುಚ್ಚಿ ತೆಗೆಯುವ ಸ್ಕ್ಯಾನ್ ಇವಕ್ಕೆಲ್ಲ ಮುಂಚೆ ಹಿಂದೆ ಯಾವ ಔಷಧಿಗೆ ಏನಾಗಿತ್ತು ಎಂದು ಬರೆದ ಚೀಟಿ ಕೊಡುತ್ತೇನೆ.

ವರ್ಷಕ್ಕೊಮ್ಮೆ ಬಿಟ್ಟದ್ದನ್ನು ಮತ್ತೆ ಪರೀಕ್ಷೆ ಮಾಡಿ. ಕರುಳು ವಾಸಿಯಾದರೆ, ಯಾವುದೋ ಮಾತ್ರೆ ನಿಂತರೆ, ಒಗ್ಗದಿದ್ದದ್ದು ಒಗ್ಗುತ್ತದೆ. ಅರವತ್ತು ಇದ್ದ ನನ್ನ ಪಟ್ಟಿಯಲ್ಲಿ ಈಗ ನಾಲ್ಕು ಉಳಿದಿವೆ. ಟೊಮೆಟೊ ಮೂರನೇ ಸಲಕ್ಕೆ ಒಗ್ಗಿತು. ಮಾಗಿದ ಚೀಸ್ ಇನ್ನೂ ಇಲ್ಲ. ಬರುವ ಮಾರ್ಚಿನಲ್ಲಿ ಬೆರಳುಗುರಿನಷ್ಟು ತುಂಡಿನಿಂದ ಇನ್ನೊಮ್ಮೆ ಶುರು ಮಾಡಬೇಕು.